ವೆನಿಸ್‌ಗೆ ಹೊರಡುವ ಮುಂಚೆ ಪಂಚಾಂಗ ನೋಡಿ

ಓದುಗರ ಪ್ರಶ್ನೆ: ನಾನು ತೀರ್ಥಹಳ್ಳಿ ಕಡೆಯವಳು. ಮಿಲಾನ್‌ನಲ್ಲಿ ಎಂ.ಎಸ್. ಮೊದಲ ವರ್ಷ ಓದುತ್ತಿದ್ದೇನೆ. ನಾವು ನಾಲ್ವರು ಗೆಳತಿಯರು ನವೆಂಬರ್‌ನಲ್ಲಿ ಒಂದು ಶನಿವಾರ, ಭಾನುವಾರ ವೆನಿಸ್ ನೋಡಿ ಬರೋಣ ಎಂದುಕೊಂಡಿದ್ದೇವೆ. ಒಂದೇ ರಾತ್ರಿ ತಂಗುವುದು. ಎರಡು ವಾರಾಂತ್ಯಗಳು ಲೆಕ್ಕದಲ್ಲಿವೆ, ಇನ್ನೂ ಟಿಕೆಟ್ ತೆಗೆದಿಲ್ಲ. ನವೆಂಬರ್ ಅಂದರೆ ಅಲ್ಲಿ ಮಳೆ, ಮಳೆ ಅಂದರೆ ಊರು ಮುಳುಗುತ್ತೆ ಅಂತ ಎಲ್ಲರೂ ಹೆದರಿಸುತ್ತಿದ್ದಾರೆ. ಅಮ್ಮನಿಗೆ ಯಾರೋ ಸೊಂಟದುದ್ದ ನೀರಿನಲ್ಲಿ ಜನ ನಡೆಯುವ ವಿಡಿಯೋ ಕಳಿಸಿದ್ದಾರೆ. ‘ಬೇಡವೇ ಬೇಡ’ ಅನ್ನುತ್ತಿದ್ದಾರೆ. ಈಗ ಕಡಲಿಗೆ ಬಾಗಿಲು ಹಾಕಿದ್ದಾರೆ, ಇನ್ನು ನೀರೇ ಬರಲ್ಲ ಅಂತ ಕ್ಲಾಸ್‌ಮೇಟ್ ಹೇಳುತ್ತಾನೆ. ಯಾರನ್ನು ನಂಬಲಿ? ಗಂಬೂಟು ಕೊಳ್ಳಬೇಕೆ? ರೂಮು ಪಕ್ಕದ ಮೆಸ್ಟ್ರೆ ಊರಿನಲ್ಲಿ ಅಗ್ಗ, ಅಲ್ಲೇ ಮಾಡಬಹುದೆ? ಊರಿನೊಳಗೆ ಹೋಗಲು ಶುಲ್ಕ ಕಟ್ಟಬೇಕಂತೆ, ನಿಜವೆ? ನಮ್ಮ ಬಜೆಟ್ ವಿದ್ಯಾರ್ಥಿಗಳ ಬಜೆಟ್.

ಉತ್ತರ:

ನಿಮ್ಮ ಪತ್ರದಲ್ಲಿ ಮಳೆಯ ಭಯ, ನೆರೆಯ ಭಯ ಎರಡೂ ಒಂದಕ್ಕೊಂದು ಗಂಟುಬಿದ್ದಿವೆ. ತೀರ್ಥಹಳ್ಳಿಯಲ್ಲಿ ಬೆಳೆದವರಿಗೆ ಹಾಗನ್ನಿಸುವುದು ಸಹಜವೇ. ಆಗುಂಬೆ ಘಟ್ಟದಲ್ಲಿ ನಾಲ್ಕು ದಿನ ಬಿಡದೆ ಹೊಯ್ದರೆ ತುಂಗೆ ರಾಮಮಂಟಪದ ನೆತ್ತಿಯವರೆಗೆ ಏರುತ್ತಾಳೆ. ಮಳೆ ಹೆಚ್ಚಾದರೆ ಹೊಳೆ ಹೆಚ್ಚುತ್ತದೆ, ಅದು ನೀವು ಕಣ್ಣಾರೆ ಕಂಡ ಲೆಕ್ಕ. ವೆನಿಸ್‌ನಲ್ಲಿ ಆ ಲೆಕ್ಕ ನಡೆಯುವುದಿಲ್ಲ. ಅಲ್ಲಿ ಛತ್ರಿ ಬಿಚ್ಚುವಂಥ ಮಳೆ ಇದ್ದೂ ಬೀದಿಗೆ ಒಂದು ಹನಿ ಕಡಲ ನೀರು ಬಾರದ ದಿನಗಳಿವೆ. ಆಕಾಶ ತಿಳಿಯಾಗಿ ಬಿಸಿಲು ಬಿದ್ದಿರುವಾಗ ಊರಿನ ಮುಖ್ಯ ಚೌಕದಲ್ಲಿ ಮೊಣಕಾಲಿನ ಕೆಳಗೆ ನೀರು ನಿಲ್ಲುವ ದಿನಗಳೂ ಇವೆ. ನಾನು ಕರಾವಳಿ ಎಂಜಿನಿಯರ್. ವೆನಿಸ್‌ಗೆ ಹತ್ತಿರದ ಪಾದುವಾದಲ್ಲಿ ಓದಿ, ಆಮೇಲೆ ಕೆಲವು ವರ್ಷ ವೆನಿಸ್ ಸುತ್ತಲಿನ ಲಗೂನ್ ಎಂಬ ಹಿನ್ನೀರಿನಲ್ಲಿ ಉಬ್ಬರವಿಳಿತ ಅಳೆಯುವ ಕೆಲಸ ಮಾಡಿದವನು. ಊರಿನಿಂದ ಬಂದ ಹುಡುಗ ಹುಡುಗಿಯರನ್ನು ಅಲ್ಲಿ ಸುತ್ತಾಡಿಸುವ ಕೆಲಸವೂ ಸಂಬಳವಿಲ್ಲದೆ ನನ್ನ ಪಾಲಿಗೆ ಬಂದಿತ್ತು. ಹಾಗಾಗಿ ಎರಡನ್ನೂ ಸೇರಿಸಿ ಹೇಳುತ್ತೇನೆ.

ಮೊದಲು ಮಳೆಯ ಬಗ್ಗೆ. ವೆನಿಸ್‌ನಲ್ಲಿ ಇಡೀ ವರ್ಷಕ್ಕೆ ಬೀಳುವುದು ಸುಮಾರು 800 ಮಿಲಿಮೀಟರ್. ಬೆಂಗಳೂರಿಗಿಂತಲೂ ಕಡಿಮೆ. ನಿಮ್ಮ ಆಗುಂಬೆಯಲ್ಲಿ 7,000 ದಾಟುತ್ತದೆ. ನವೆಂಬರ್ ಅಲ್ಲಿ ಮಳೆಯ ತಿಂಗಳುಗಳಲ್ಲೊಂದು ಎಂಬುದು ನಿಜ, ಆದರೆ ಅದು ಮಲೆನಾಡಿನ ಜಡಿಮಳೆ ಅಲ್ಲ. ಸಣ್ಣಗೆ, ತಣ್ಣಗೆ, ಹಗಲಿಡೀ ಪಿರಿಪಿರಿ ಅನ್ನುತ್ತಿರುವ ಮಳೆ. ಕಷ್ಟ ಕೊಡುವುದು ನೀರಿನ ಪ್ರಮಾಣಕ್ಕಿಂತ ಚಳಿ. ನಾಲ್ಕರಿಂದ ಹತ್ತು ಡಿಗ್ರಿಯಲ್ಲಿ ಒದ್ದೆ ಕಾಲುಚೀಲ ಹಾಕಿಕೊಂಡು ಎಂಟು ಗಂಟೆ ನಡೆಯುವುದು ಏನೆಂದು ಮಲೆನಾಡಿನ ಮಳೆಯಲ್ಲಿ ನೆನೆದವರಿಗೂ ಗೊತ್ತಿರುವುದಿಲ್ಲ.

ಇನ್ನು, ಬೆಟ್ಟಗಳಲ್ಲಿ ಬಿದ್ದ ಮಳೆ ಹೊಳೆಯಾಗಿ ಬಂದು ಊರು ಮುಳುಗಿಸುವುದಿಲ್ಲವೇ? ಇಲ್ಲ. ಬ್ರೆಂತಾ, ಪಿಯಾವೆ, ಸಿಲೆ ಎಂಬ ಹೊಳೆಗಳು ಒಂದು ಕಾಲದಲ್ಲಿ ಲಗೂನಿಗೇ ಬಂದು ಸೇರುತ್ತಿದ್ದವು. ಹೂಳು ತುಂಬಿ ಬಂದರು ಹಾಳಾಗುತ್ತದೆ ಎಂದು ವೆನಿಸ್ ಗಣರಾಜ್ಯದವರು ಶತಮಾನಗಳ ಹಿಂದೆಯೇ ಕಾಲುವೆ ತೋಡಿ ಅವನ್ನೆಲ್ಲ ಪಕ್ಕಕ್ಕೆ ತಿರುಗಿಸಿ ನೇರ ಕಡಲಿಗೆ ಬಿಟ್ಟರು. ಈಗ ಲಗೂನ್ ಅಂದರೆ ಸುಮಾರು 550 ಚದರ ಕಿಲೋಮೀಟರಿನ ಆಳವಿಲ್ಲದ ಹಿನ್ನೀರು; ಲಿದೊ, ಮಲಮೊಕ್ಕೊ, ಕಿಯೊಜ್ಜಾ ಎಂಬ ಮೂರು ಅಳಿವೆಗಳ ಮೂಲಕ ಏಡ್ರಿಯಾಟಿಕ್ ಕಡಲಿನ ಜೊತೆ ಉಸಿರಾಡುತ್ತದೆ. (ಕಿಯೊಜ್ಜಾ ಹೆಸರು ಬಂದಿದ್ದಕ್ಕೆ ಹೇಳುತ್ತೇನೆ: ಸುಮಾರು 1420ರಲ್ಲಿ ವಿಜಯನಗರಕ್ಕೆ ಬಂದು ಅದರ ವೈಭವ ವರ್ಣಿಸಿದ ನಿಕೊಲೊ ಕೊಂತಿ ಹುಟ್ಟಿದ್ದು ಅದೇ ಹೆಸರಿನ ಊರಿನಲ್ಲಿ. ಕುಂದಾಪುರದ ಕಡೆಯವರನ್ನು ಕರೆದುಕೊಂಡು ಹೋದಾಗ ಅವರು ಅಲ್ಲಿಯ ಮೀನು ಮಾರ್ಕೆಟ್ಟಿನಿಂದ ಏಳುವುದೇ ಇಲ್ಲ.)

ಊರಿಗೆ ಬರುವ ನೀರು ಕಡಲ ನೀರು. ಅದಕ್ಕೆ ಅಲ್ಲಿಯವರು ‘ಆಕ್ವಾ ಆಲ್ತಾ’ ಅನ್ನುತ್ತಾರೆ, ‘ಎತ್ತರದ ನೀರು’ ಎಂದು ಅರ್ಥ. ಅದನ್ನು ಎತ್ತುವವರು ಇಬ್ಬರು, ಚಂದ್ರ ಮತ್ತು ಗಾಳಿ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಉಬ್ಬರ ಹೆಚ್ಚು; ಅಷ್ಟಮಿಯ ಸುತ್ತ ಕಡಲು ಹೆಚ್ಚುಕಮ್ಮಿ ನಿದ್ದೆ ಮಾಡುತ್ತಿರುತ್ತದೆ. ನಮ್ಮ ಕರಾವಳಿಯ ಮೀನುಗಾರರಿಗೆ ಇದು ಬಾಯಿಪಾಠ. ಗಾಳಿಯ ವಿಷಯಕ್ಕೆ ಬಂದರೆ, ಏಡ್ರಿಯಾಟಿಕ್ ಕಡಲು ಸುಮಾರು 800 ಕಿಲೋಮೀಟರ್ ಉದ್ದದ ಕಿರಿದಾದ ತೊಟ್ಟಿ, ವೆನಿಸ್ ಇರುವ ಉತ್ತರದ ತುದಿ ಮುಚ್ಚಿಕೊಂಡಿದೆ. ಆಗ್ನೇಯದಿಂದ ಸಿರೊಕ್ಕೊ ಎಂಬ ಬೆಚ್ಚನೆಯ ಗಾಳಿ ಎರಡು ದಿನ ಬೀಸಿದರೆ ನೀರನ್ನೆಲ್ಲ ಆ ತುದಿಗೆ ತಳ್ಳಿ ರಾಶಿ ಹಾಕುತ್ತದೆ. ವಾಯುಭಾರ ಒಂದು ಹೆಕ್ಟೊಪಾಸ್ಕಲ್ ಕುಸಿದರೆ ಕಡಲು ಸುಮಾರು ಒಂದು ಸೆಂಟಿಮೀಟರ್ ಏರುತ್ತದೆ, ಅದೂ ಇದರ ಜೊತೆ ಸೇರುತ್ತದೆ. ಸಿರೊಕ್ಕೊ ಮೋಡವನ್ನೂ ತರುವುದರಿಂದ ನೆರೆ ಬಂದ ದಿನ ಸಾಮಾನ್ಯವಾಗಿ ಮಳೆಯೂ ಇರುತ್ತದೆ. ಜನ ಎರಡನ್ನೂ ಒಟ್ಟಿಗೆ ಕಂಡು, ಮಳೆಯಿಂದಲೇ ನೆರೆ ಎಂದುಕೊಂಡರು.

ಈಗ ನಿಮ್ಮ ಅಮ್ಮ ನೋಡಿದ ವಿಡಿಯೋ. ಅದು ಬಹುಶಃ 2019ರ ನವೆಂಬರ್ 12ರದ್ದು. ಅವತ್ತು ರಾತ್ರಿ ಹನ್ನೊಂದರ ಸುಮಾರಿಗೆ ನೀರಿನ ಮಟ್ಟ 187 ಸೆಂಟಿಮೀಟರ್ ಮುಟ್ಟಿತು. 1966ರ ನವೆಂಬರ್ 4ರ 194 ಸೆಂಟಿಮೀಟರ್ ಬಿಟ್ಟರೆ ಅಳತೆ ಶುರುವಾದ ಮೇಲೆ ಅಷ್ಟು ಎತ್ತರ ನೀರು ಬಂದಿಲ್ಲ. ಈ ಅಂಕಿಯನ್ನು ಓದುವ ರೀತಿ ಮಾತ್ರ ಪತ್ರಿಕೆಗಳಿಗೇ ಗೊತ್ತಿರುವುದಿಲ್ಲ. 187 ಅಂದರೆ ಬೀದಿಯಲ್ಲಿ ಆಳೆತ್ತರ ನೀರು ಎಂದು ಬರೆದುಬಿಡುತ್ತಾರೆ. ಅಳತೆಯ ಸೊನ್ನೆ ಇರುವುದು ಬೀದಿಯ ಮಟ್ಟದಲ್ಲಿ ಅಲ್ಲ, 1897ರ ಆಸುಪಾಸಿನ ಸರಾಸರಿ ಕಡಲಮಟ್ಟದಲ್ಲಿ. ಊರಿನ ಅತಿ ತಗ್ಗಿನ ಜಾಗವಾದ ಸಾನ್ ಮಾರ್ಕೊ ಚೌಕಕ್ಕೆ ನೀರು ಕಾಣಿಸಿಕೊಳ್ಳುವುದೇ 80 ಸೆಂಟಿಮೀಟರ್ ಹತ್ತಿರ. ಅಂದರೆ 110 ಎಂದು ಸುದ್ದಿ ಬಂದರೆ ಚೌಕದಲ್ಲಿ ಒಂದಡಿ ನೀರು, ಊರಿನ ಒಟ್ಟು ನೆಲದಲ್ಲಿ ಒದ್ದೆಯಾಗುವುದು ನೂರರಲ್ಲಿ ಹನ್ನೆರಡು ಪಾಲು. ಉಳಿದೆಡೆ ಜನ ಕಾಫಿ ಕುಡಿಯುತ್ತಿರುತ್ತಾರೆ. 187ರ ರಾತ್ರಿ ಚೌಕದಲ್ಲಿ ಒಂದು ಮೀಟರ್ ದಾಟಿತ್ತು. ಅದು ನಿಜವಾದ ಅನಾಹುತ. ಪೆಲ್ಲೆಸ್ತ್ರಿನಾ ದ್ವೀಪದಲ್ಲಿ ಮನೆಯ ನೀರು ಹೊರಹಾಕಲು ಪಂಪು ಹಚ್ಚಲು ಹೋದ ಹಿರಿಯರೊಬ್ಬರು ಕರೆಂಟು ಹೊಡೆದು ತೀರಿಕೊಂಡರು.

ನಿಮ್ಮ ಕ್ಲಾಸ್‌ಮೇಟ್ ಹೇಳುವ ‘ಕಡಲ ಬಾಗಿಲು’ ಅದಾದ ಮರುವರ್ಷ ಕೆಲಸ ಶುರು ಮಾಡಿತು. ಹೆಸರು ಮೊಸೆ. (ಕನ್ನಡದ ಕಿವಿಗೆ ಅದು ‘ಮೋಸ’ ಎಂದೇ ಕೇಳುತ್ತದೆ. 2014ರಲ್ಲಿ ಇದೇ ಯೋಜನೆಯ ಲಂಚದ ಪ್ರಕರಣದಲ್ಲಿ ಹತ್ತಾರು ಜನ ಒಟ್ಟಿಗೆ ಬಂಧನವಾದಾಗ ಹೆಸರು ಸರಿಯಾಗೇ ಇದೆ ಎಂದು ನಾವು ನಕ್ಕಿದ್ದೆವು.) ಮೂರು ಅಳಿವೆಗಳ ತಳದಲ್ಲಿ ಒಟ್ಟು 78 ಟೊಳ್ಳು ಉಕ್ಕಿನ ಫಲಕಗಳು ಮಲಗಿವೆ. ಸಾಮಾನ್ಯ ದಿನ ಅವುಗಳ ಹೊಟ್ಟೆಯಲ್ಲಿ ನೀರು ತುಂಬಿರುತ್ತದೆ. ಬೇಕಾದಾಗ ಒಳಗೆ ಗಾಳಿ ತುಂಬಿ ನೀರನ್ನು ಹೊರಗೆ ದಬ್ಬುತ್ತಾರೆ, ಫಲಕ ಹಗುರಾಗಿ ಎದ್ದು ಕಡಲಿಗೆ ಅಡ್ಡ ನಿಲ್ಲುತ್ತದೆ. ಅರ್ಧ ಗಂಟೆಯ ಕೆಲಸ. 2020ರ ಅಕ್ಟೋಬರ್ 3ರಂದು ಮೊದಲ ಸಲ ನಿಜವಾದ ಉಬ್ಬರವನ್ನು ತಡೆದಾಗ ಚೌಕ ಒಣಗಿತ್ತು. ನಾನು ಅಳತೆಯ ಕಂಬದ ಅಂಕಿ ನೋಡಿ ಉಪಕರಣ ಕೆಟ್ಟಿದೆ ಎಂದುಕೊಂಡಿದ್ದೆ. 2022ರ ನವೆಂಬರ್ 22ರಂದು ಹೊರಗಿನ ಕಡಲು 170 ದಾಟಿದರೂ ಊರಿನ ಒಳಗೆ ಏನೂ ಆಗಲಿಲ್ಲ.

ಆದರೂ ನಿಮ್ಮ ಕ್ಲಾಸ್‌ಮೇಟ್ ಹೇಳಿದ್ದು ಅರ್ಧ ನಿಜ ಅಷ್ಟೇ. ಆ ಬಾಗಿಲು ಪ್ರತಿ ಉಬ್ಬರಕ್ಕೂ ಏಳುವುದಿಲ್ಲ. ಒಂದು ಸಲ ಎತ್ತಲು ಲಕ್ಷಗಟ್ಟಲೆ ಯೂರೋ ಖರ್ಚು, ಹಡಗುಗಳು ಹೊರಗೇ ನಿಲ್ಲಬೇಕು, ಲಗೂನಿನ ನೀರು ಬದಲಾಗದೆ ಕೊಳೆಯುತ್ತದೆ. ಹಾಗಾಗಿ ಸುಮಾರು 110 ಸೆಂಟಿಮೀಟರ್ ಬರುವ ಮುನ್ಸೂಚನೆ ಇದ್ದರೆ ಮಾತ್ರ ಎತ್ತುತ್ತಾರೆ. 80ಕ್ಕೂ 110ಕ್ಕೂ ನಡುವಿನ ಉಬ್ಬರಕ್ಕೆ ಬಾಗಿಲು ತೆರೆದೇ ಇರುತ್ತದೆ, ಸಾನ್ ಮಾರ್ಕೊ ಚೌಕಕ್ಕೆ ನೀರು ಬಂದೇ ಬರುತ್ತದೆ. ಚೌಕದಲ್ಲಿರುವ ಸಾನ್ ಮಾರ್ಕೊ ಚರ್ಚಿನ ಸುತ್ತ ಮಾತ್ರ 2022ರ ಕೊನೆಗೆ ಗಾಜಿನ ತಡೆಗೋಡೆ ಹಾಕಿದ್ದಾರೆ. ನವೆಂಬರ್‌ನಲ್ಲಿ ಪ್ರವಾಸಿಗರ ಕಾಲು ಒದ್ದೆ ಮಾಡುವುದು ಈ ನಡುವಿನ ಉಬ್ಬರವೇ.

ಅದು ಬರುವ ಚಂದ ಒಮ್ಮೆ ಹತ್ತಿರದಿಂದ ನೋಡಬೇಕು. ನೀರು ಕಾಲುವೆಯ ಅಂಚು ಹಾರಿ ಬರುತ್ತದೆ ಎಂದು ಎಲ್ಲರೂ ಆ ಕಡೆಯೇ ನೋಡುತ್ತಿರುತ್ತಾರೆ. ಅದು ಬರುವುದು ಕಾಲಡಿಯಿಂದ. ಚೌಕದ ಕಲ್ಲುಹಾಸಿನ ನಡುವೆ ಮಳೆನೀರು ಇಳಿಯಲು ಬಿಳಿ ಕಲ್ಲಿನಲ್ಲಿ ಕೊರೆದ ಸಣ್ಣ ತೂತುಗಳಿವೆ. ಮೊದಲು ಆ ತೂತಿನ ಸುತ್ತ ಬೆವರಿದಂತೆ ಒಂದು ಕಲೆ. ಆಮೇಲೆ ಒಂದೆರಡು ಗುಳ್ಳೆ. ಐದು ನಿಮಿಷ ಬಿಟ್ಟು ನೋಡಿದರೆ ದೋಸೆಯಗಲದ ನೀರು. ಇನ್ನು ಐದು ನಿಮಿಷಕ್ಕೆ ಪಕ್ಕದ ದೋಸೆಯ ಜೊತೆ ಕೂಡಿಕೊಂಡಿರುತ್ತದೆ. ಸದ್ದಿಲ್ಲ, ಅಲೆಯಿಲ್ಲ. ಹೋಟೆಲಿನ ಮಾಣಿಗಳು ಗೊಣಗದೆ ಕುರ್ಚಿ ಎತ್ತಿಡುತ್ತಾರೆ. ಅಂಗಡಿಯವರು ಬಾಗಿಲ ಚೌಕಟ್ಟಿನ ಸೀಳಿಗೆ ಮೊಣಕಾಲೆತ್ತರದ ಲೋಹದ ಹಲಗೆ ಇಳಿಸಿ, ರಬ್ಬರ್ ಅಂಚು ಒತ್ತಿ, ಒಳಗೆ ಹೋಗಿ ವ್ಯಾಪಾರ ಮುಂದುವರಿಸುತ್ತಾರೆ. ಎರಡು ಮೂರು ಗಂಟೆಯಲ್ಲಿ ಇಳಿತ ಶುರುವಾಗಿ ಅದೇ ತೂತುಗಳು ನೀರನ್ನು ಕುಡಿದುಬಿಡುತ್ತವೆ. ತುಂಗೆಯ ನೆರೆಯಂತೆ ದಿನಗಟ್ಟಲೆ ನಿಲ್ಲುವುದಿಲ್ಲ. ಅದಕ್ಕೇ ಅಲ್ಲಿಯವರು ಓಡುವುದಿಲ್ಲ, ಕಾಯುತ್ತಾರೆ.

ನನಗೆ ಅದು ಗೊತ್ತಿರಲಿಲ್ಲ. ಮೊದಲ ವರ್ಷ ಪಾದುವಾದಿಂದ ಒಬ್ಬನೇ ಬಂದಿದ್ದಾಗ ಹೀಗೇ ನೀರು ಸುತ್ತುವರಿಯಿತು. ರೈಲು ತಪ್ಪುತ್ತದೆ ಎಂದು ಷೂ ಕೈಯಲ್ಲಿ ಹಿಡಿದು, ಪ್ಯಾಂಟು ಮಡಚಿ, ಬರಿಗಾಲಲ್ಲಿ ಇಳಿದೆ. ನೀರಿನಡಿ ಒಡೆದ ಗಾಜಿತ್ತು. ಹಳೆಯ ಊರಿನ ಬಹುಭಾಗದಲ್ಲಿ ನಮ್ಮ ನಗರಗಳಂಥ ಒಳಚರಂಡಿ ಇಲ್ಲ, ಬಚ್ಚಲ ನೀರು ಕೊನೆಗೆ ಸೇರುವುದು ಕಾಲುವೆಗೇ. ಆ ನೀರು ಗಾಯಕ್ಕೆ ತಾಗಿ ಹತ್ತು ದಿನ ಕಾಲು ಊದಿಕೊಂಡಿತ್ತು. ಚರ್ಚಿನ ಮೆಟ್ಟಿಲ ಮೇಲೆ ಎರಡು ಗಂಟೆ ನಿಂತಿದ್ದರೆ ಒಣ ಕಾಲಲ್ಲೇ ಹೋಗಬಹುದಿತ್ತು. ನೀವು ಯಾವ ಕಾರಣಕ್ಕೂ ಬರಿಗಾಲಲ್ಲಿ ಇಳಿಯಬೇಡಿ. ನೀರು ತುಂಬಿದಾಗ ಬೀದಿ ಎಲ್ಲಿ ಮುಗಿಯುತ್ತದೆ, ಕಾಲುವೆ ಎಲ್ಲಿ ಶುರುವಾಗುತ್ತದೆ ಎಂಬುದೂ ಕಾಣುವುದಿಲ್ಲ. ಸೆಲ್ಫಿ ತೆಗೆಯುತ್ತ ಹಿಂದಕ್ಕೆ ಹೆಜ್ಜೆಯಿಟ್ಟು ಬೀಳುವವರು ಪ್ರತಿ ಸಲ ಒಬ್ಬರಾದರೂ ಇರುತ್ತಾರೆ.

ಇಷ್ಟು ಗೊತ್ತಾದ ಮೇಲೆ ದಿನ ಆರಿಸುವುದು ಸುಲಭ. ಹವಾಮಾನದ ಆ್ಯಪ್‌ನಲ್ಲಿ ಮೋಡದ ಚಿತ್ರ ನೋಡಿ ತಲೆಕೆಡಿಸಿಕೊಳ್ಳುವ ಬದಲು ತಿಥಿ ನೋಡಿ. ನಿಮ್ಮ ಎರಡು ವಾರಾಂತ್ಯಗಳಲ್ಲಿ ಒಂದು ಹುಣ್ಣಿಮೆ ಅಥವಾ ಅಮಾವಾಸ್ಯೆಗೆ ಅಂಟಿಕೊಂಡಿದ್ದು, ಇನ್ನೊಂದು ಅಷ್ಟಮಿಯ ಹತ್ತಿರ ಇದ್ದರೆ, ಅಷ್ಟಮಿಯದ್ದನ್ನು ಹಿಡಿಯಿರಿ. ಇದು ಮೂಢನಂಬಿಕೆ ಅಲ್ಲ, ಲೆಕ್ಕ. 1897ರ ಸೊನ್ನೆಗಿಂತ ಈಗಿನ ಸರಾಸರಿ ಕಡಲಮಟ್ಟವೇ ಮೂವತ್ತು ಸೆಂಟಿಮೀಟರ್‌ಗಿಂತ ಮೇಲಿದೆ. ಹುಣ್ಣಿಮೆಯ ದೊಡ್ಡ ಉಬ್ಬರ ಅದರ ಮೇಲೆ ಇನ್ನೂ ಐವತ್ತರಷ್ಟು ಸೇರಿಸಿದರೆ, ಗಾಳಿ ಇಲ್ಲದಿದ್ದರೂ, ಬಿಸಿಲಿದ್ದರೂ, ಚೌಕಕ್ಕೆ ನೀರು ಬರಲು ಬೇಕಾದ 80 ಆಗಿಹೋಯಿತು.

ಈ ಸೂತ್ರಕ್ಕೆ ಒಂದು ಮಿತಿ ಇದೆ, ಮುಚ್ಚಿಡಬಾರದು. ಚಂದ್ರನ ಲೆಕ್ಕ ನಡೆಯುವುದು ದಿನನಿತ್ಯದ ಸಣ್ಣ ನೆರೆಗೆ. ದೊಡ್ಡ ಅನಾಹುತ ಮಾಡುವುದು ಗಾಳಿ, ಅದಕ್ಕೆ ತಿಥಿಯ ಹಂಗಿಲ್ಲ. 2019ರ ನವೆಂಬರ್ 12 ಕಾರ್ತಿಕ ಹುಣ್ಣಿಮೆ ಆಗಿತ್ತು, ಸರಿ. ಆದರೆ 1966ರ ಮಹಾನೆರೆ ಬಂದದ್ದು ಅರ್ಧಚಂದ್ರನ ಹೊತ್ತಿಗೆ. ಗಾಳಿ ಬಿಡಲೇ ಇಲ್ಲ, ಹೆಚ್ಚುಕಮ್ಮಿ ಇಡೀ ಒಂದು ದಿನ ನೀರು ಇಳಿಯಲೂ ಇಲ್ಲ. 2020ರ ಡಿಸೆಂಬರ್ 8 ಕೂಡ ಬಹುಳ ಅಷ್ಟಮಿಯ ಸುಮಾರು. ಆಗಿನ್ನೂ ಬಾಗಿಲು ಎತ್ತುವ ಮಿತಿ 130 ಇತ್ತು, ಮುನ್ಸೂಚನೆ ಅದಕ್ಕಿಂತ ಕಡಿಮೆ ಎಂದು ಬಂತು, ಎತ್ತಲಿಲ್ಲ. ನೀರು 138 ಮುಟ್ಟಿ ಊರೆಲ್ಲ ತೊಯ್ದು ತೊಪ್ಪೆಯಾಯಿತು. ಹಾಗಾಗಿ ದಿನವನ್ನು ಪಂಚಾಂಗದಿಂದ ಆರಿಸಿ, ಹೊರಡುವ ಎರಡು ದಿನ ಮುಂಚೆ ವೆನಿಸ್ ನಗರಸಭೆಯ ಉಬ್ಬರ ಮುನ್ಸೂಚನೆ ನೋಡಿ. ಅವರದೇ ಉಚಿತ ಆ್ಯಪ್ ‘ಹೈ ಟೈಡ್ ವೆನಿಸ್’ ಇದೆ. ಯಾವ ಹೊತ್ತಿಗೆ ಎಷ್ಟು ಸೆಂಟಿಮೀಟರ್ ಎಂದು ಗಂಟೆಯ ಲೆಕ್ಕದಲ್ಲಿ ಹೇಳುತ್ತದೆ. 80ರ ಒಳಗಿದ್ದರೆ ಮರೆತುಬಿಡಿ. 80ರಿಂದ 110 ಇದ್ದರೆ ಆ ಎರಡು ಮೂರು ಗಂಟೆ ಸಾನ್ ಮಾರ್ಕೊ ಬಿಟ್ಟು ಬೇರೆ ಕಡೆ ಇರಿ. ಅದಕ್ಕೂ ಮೇಲಿದ್ದರೆ ಬಾಗಿಲು ಏಳುತ್ತದೆ, ವಿಚಿತ್ರವೆಂದರೆ ಆಗ ಊರು ಹೆಚ್ಚು ಒಣಗಿರುತ್ತದೆ.

ಗಂಬೂಟಿನ ಪ್ರಶ್ನೆಗೆ ನನ್ನ ಉತ್ತರ: ಬೇಡ. ಗಂಬೂಟು ಹಾಕಿ ದಿನಕ್ಕೆ ಹದಿನೈದು ಕಿಲೋಮೀಟರ್ ನಡೆದು, ಸೇತುವೆಗಳ ಮೆಟ್ಟಿಲು ಹತ್ತಿಳಿದರೆ ರಾತ್ರಿಗೆ ಹಿಮ್ಮಡಿಯ ಚರ್ಮ ಎದ್ದಿರುತ್ತದೆ. ಆ ಊರಿನಲ್ಲಿ ಸೇತುವೆಗಳೇ ನಾನೂರು ದಾಟುತ್ತವೆ. ನೀರು ಬಂದಾಗ ಮುಖ್ಯ ದಾರಿಗಳಲ್ಲಿ ನಗರಸಭೆಯವರೇ ಕಬ್ಬಿಣದ ಕಾಲುಗಳ ಮೇಲೆ ಹಲಗೆ ಜೋಡಿಸಿ ಕಾಲುಸಂಕ ಹಾಕುತ್ತಾರೆ. ಮಲೆನಾಡಿನವರಾದ ನಿಮಗೆ ಸಂಕ ದಾಟಲು ಹೇಳಿಕೊಡಬೇಕಾಗಿಲ್ಲ. ಒಬ್ಬರ ಹಿಂದೊಬ್ಬರು, ಬಲಕ್ಕೆ, ನಡುವೆ ನಿಂತು ಫೋಟೋ ತೆಗೆಯದೆ. ಬಾಗಿಲು ಏಳದೆ ನೀರು 120 ದಾಟಿದರೆ ಹಲಗೆಗಳೇ ತೇಲುತ್ತವೆ ಎಂದು ಅವನ್ನು ತೆಗೆದುಬಿಡುತ್ತಾರೆ, ಅಂಥ ದಿನ ಹೊರಗೆ ಹೋಗುವ ಪ್ರಶ್ನೆಯೇ ಇಲ್ಲ. ಬೀದಿಯಲ್ಲಿ ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಕಾಲುಚೀಲ ಮಾರುತ್ತಾರೆ, ಹತ್ತು ಯೂರೋ ಹೇಳುತ್ತಾರೆ, ಎರಡನೇ ಸೇತುವೆಗೆ ಹರಿಯುತ್ತದೆ. ಆ ದುಡ್ಡಿಗೆ ಉಣ್ಣೆಯ ಕಾಲುಚೀಲ ಎರಡು ಜೊತೆ ತಗೊಳ್ಳಿ. ಜಾಲರಿಯಂಥ ಸ್ಪೋರ್ಟ್ಸ್ ಷೂ ಬೇಡ. ಅಡಿಯಲ್ಲಿ ಹಿಡಿತವಿರುವ, ನೀರು ಹೀರದ ಷೂ ಇರಲಿ. ರಾತ್ರಿ ಒಳಗೆ ಪೇಪರ್ ತುರುಕಿಡಿ, ಬಚ್ಚಲ ಒಲೆಯ ಪಕ್ಕ ಅಮ್ಮ ಮಾಡುತ್ತಿದ್ದ ಹಾಗೆ. ಹೀಟರ್ ಮೇಲೆ ಇಟ್ಟರೆ ಅಂಟು ಬಿಡುತ್ತದೆ.

ಹಿಡಿತ ಅಂದೆ. ಮಳೆಯ ವೆನಿಸ್‌ನಲ್ಲಿ ನಿಜವಾಗಿ ಮೂಳೆ ಮುರಿಸುವುದು ನೆರೆ ಅಲ್ಲ, ಕಲ್ಲು. ಸೇತುವೆಯ ಮೆಟ್ಟಿಲ ಅಂಚಿಗೆ ಹಾಕಿರುವ ಬಿಳಿ ಇಸ್ತ್ರಿಯಾ ಕಲ್ಲು ಶತಮಾನಗಳ ತುಳಿತಕ್ಕೆ ಸವೆದು ಸಾಬೂನಿನಂತಾಗಿದೆ. ನಡುವಿನ ಬೂದು ಕಲ್ಲಿನ ಮೇಲೆ ಕಾಲಿಡಿ. ರೈಲು ನಿಲ್ದಾಣದಿಂದ ಬಸ್ ನಿಲ್ದಾಣಕ್ಕೆ ಹೋಗಲು 2008ರಲ್ಲಿ ಕಟ್ಟಿದ ಹೊಸ ಸೇತುವೆಗೆ ಗಾಜಿನ ಮೆಟ್ಟಿಲು ಹಾಕಿದ್ದರು. ಮಳೆಯಲ್ಲಿ ಎಷ್ಟು ಜನ ಜಾರಿ ಬಿದ್ದರೆಂದರೆ ಕೊನೆಗೆ ನಗರಸಭೆಯೇ ಗಾಜು ತೆಗೆಸಿ ಕಲ್ಲು ಹಾಕಿಸುವ ತೀರ್ಮಾನಕ್ಕೆ ಬಂತು. ಕಾಲುವೆಗೆ ಇಳಿಯುವ ಪಾಚಿಗಟ್ಟಿದ ಮೆಟ್ಟಿಲುಗಳತ್ತ ಸುಳಿಯಲೇಬೇಡಿ. ಛತ್ರಿಗಿಂತ ಟೊಪ್ಪಿಯಿರುವ ರೇನ್‌ಕೋಟ್ ಒಳ್ಳೆಯದು, ಏಕೆಂದರೆ ಓಣಿಗಳು ಎರಡು ಛತ್ರಿಗೆ ಸಾಲುವುದಿಲ್ಲ. ವಾರಿಸ್ಕೊ ಎಂಬ ಓಣಿ ಒಂದು ಕಡೆ 53 ಸೆಂಟಿಮೀಟರ್ ಅಗಲ. ಛತ್ರಿ ಇದ್ದರೆ ಎದುರು ಬಂದವರಿಗೆ ಗೋಡೆ ಕಡೆ ಓರೆ ಮಾಡಿ ದಾರಿ ಬಿಡುವುದು ಅಲ್ಲಿಯ ಮರ್ಯಾದೆ. ಮಾಡದಿದ್ದರೆ ವೆನಿಸಿನ ಅಜ್ಜಿಯರು ಬೈಯುತ್ತಾರೆ, ಅದೂ ಚೆನ್ನಾಗಿಯೇ ಬೈಯುತ್ತಾರೆ.

ಇನ್ನು ತಂಗುವ ಜಾಗ. ಇದರಲ್ಲಿ ಮೂರು ದಾರಿಗಳಿವೆ. ಮೆಸ್ಟ್ರೆ ಮುಖ್ಯಭೂಮಿಯಲ್ಲಿದೆ, ರೈಲಿನಲ್ಲಿ ಹತ್ತು ಹನ್ನೆರಡು ನಿಮಿಷ, ರಾತ್ರಿಯಿಡೀ ಬಸ್ಸೂ ಇರುತ್ತದೆ, ನೆರೆಯ ಭಯ ಸೊನ್ನೆ, ಅಗ್ಗ. ತೊಂದರೆ ಏನೆಂದರೆ, ಮಧ್ಯಾಹ್ನ ಕಾಲುಚೀಲ ಒದ್ದೆಯಾದರೆ ಬದಲಾಯಿಸಿ ಬರಲು ಆಗುವುದಿಲ್ಲ, ಸಂಜೆ ಐದಕ್ಕೇ ಸುಸ್ತಾಗಿ ರೂಮಿಗೆ ಹೊರಟುಬಿಡುತ್ತೀರಿ. ನವೆಂಬರ್‌ನಲ್ಲಿ ಸೂರ್ಯ ಐದರೊಳಗೇ ಮುಳುಗುತ್ತಾನೆ. ಹಗಲಿನ ಗುಂಪು ಹೋದ ಮೇಲೆ, ಒದ್ದೆ ಕಲ್ಲಿನ ಮೇಲೆ ದೀಪ ಬಿದ್ದಾಗ ಆ ಊರು ಇರುವ ಹಾಗೆ ಹಗಲಲ್ಲಿ ಇರುವುದಿಲ್ಲ. ಅದನ್ನು ತಪ್ಪಿಸಿಕೊಂಡರೆ ಹೋಗಿದ್ದೇ ದಂಡ ಎಂಬುದು ನನ್ನ ಅಭಿಪ್ರಾಯ. ಎರಡನೆಯದು ಊರಿನೊಳಗೇ, ಜುದೆಕ್ಕಾ ದ್ವೀಪದ ಹಾಸ್ಟೆಲ್‌ಗಳು ಅಥವಾ ಕನ್ನರೆಜಿಯೊ ಬಡಾವಣೆಯ ರೂಮುಗಳು. ಬೇಸಿಗೆಯ ದರ ನೋಡಿ ಹೆದರಬೇಡಿ, ನವೆಂಬರ್‌ನಲ್ಲಿ ಬಹಳ ಇಳಿದಿರುತ್ತದೆ; ನಾಲ್ವರು ಹಂಚಿಕೊಂಡರೆ ಮೆಸ್ಟ್ರೆಗೂ ಅದಕ್ಕೂ ವ್ಯತ್ಯಾಸ ಕಡಿಮೆ. ನೆಲಮಹಡಿಯ ರೂಮು ಮಾತ್ರ ಬೇಡ. ಜುದೆಕ್ಕಾದಿಂದ ಆಚೆ ಬರಲು ದೋಣಿ ಬೇಕು, ಮಂಜು ಕವಿದರೆ ದೋಣಿ ತಡವಾಗುತ್ತದೆ. ಮಳೆಗಿಂತ ನವೆಂಬರಿನ ಮಂಜೇ ವೇಳಾಪಟ್ಟಿ ಕೆಡಿಸುವುದು ಜಾಸ್ತಿ. ಮೂರನೆಯದು ಪಾದುವಾ. ಅಲ್ಲಿಂದ ಪ್ಯಾಸೆಂಜರ್ ರೈಲಿನಲ್ಲಿ ಅರ್ಧ ಮುಕ್ಕಾಲು ಗಂಟೆ, ವಿದ್ಯಾರ್ಥಿಗಳ ಊರಾದ್ದರಿಂದ ಊಟ ಅಗ್ಗ, ಮುನ್ಸೂಚನೆ ಕೆಟ್ಟರೆ ವೆನಿಸ್ ಬಿಟ್ಟು ಚಿತ್ರಕಾರ ಜೊತ್ತೊ ಗೋಡೆತುಂಬ ಚಿತ್ರ ಬರೆದ ಸ್ಕ್ರೊವೆನ್ಯಿ ಚಾಪೆಲ್ ನೋಡಿ ಬರಬಹುದು (ಮೊದಲೇ ಬುಕ್ ಮಾಡಬೇಕು). ಮನೆಯವರನ್ನು ಒಪ್ಪಿಸಲು ಇದು ಸುಲಭದ ದಾರಿ. ನನ್ನನ್ನು ಕೇಳಿದರೆ ಎರಡನೆಯದು.

ರೈಲಿನಲ್ಲಿ ಒಂದು ಎಚ್ಚರ. ‘ವೆನೆಜಿಯಾ ಮೆಸ್ಟ್ರೆ’, ‘ವೆನೆಜಿಯಾ ಸಾಂತಾ ಲುಚಿಯಾ’ ಎಂದು ಎರಡು ನಿಲ್ದಾಣಗಳಿವೆ, ಊರಿರುವುದು ಎರಡನೆಯದರಲ್ಲಿ. ಮಿಲಾನ್‌ನಿಂದ ವೇಗದ ರೈಲು ಎರಡೂವರೆ ಗಂಟೆಯೊಳಗೆ ಮುಟ್ಟಿಸುತ್ತದೆ. ಪ್ಯಾಸೆಂಜರ್ ರೈಲಿನ ಕಾಗದದ ಟಿಕೆಟ್ಟಿಗೆ ಹತ್ತುವ ಮುಂಚೆ ಯಂತ್ರದಲ್ಲಿ ಮುದ್ರೆ ಒತ್ತಿಸದಿದ್ದರೆ ದಂಡ. ಇಟಲಿಯಲ್ಲಿ ಮುಷ್ಕರ ಶುಕ್ರವಾರ ಬರುವುದು ಹೆಚ್ಚು, ಕೆಲವೊಮ್ಮೆ ವಾರಾಂತ್ಯಕ್ಕೂ ಚಾಚಿಕೊಳ್ಳುತ್ತದೆ. ಮೊದಲೇ ದಿನಾಂಕ ಪ್ರಕಟಿಸಿರುತ್ತಾರೆ, ಟಿಕೆಟ್ ತೆಗೆಯುವ ಮುಂಚೆ ನೋಡಿಕೊಳ್ಳಿ.

ಪ್ರವೇಶ ಶುಲ್ಕದ ಮಾತು ಸುಳ್ಳಲ್ಲ, ಆದರೆ ನಿಮಗೆ ಅನ್ವಯಿಸುವುದಿಲ್ಲ. 2024ರ ಏಪ್ರಿಲ್ 25ರಿಂದ ಶುರುವಾದ ಶುಲ್ಕ ಹಗಲು ಬಂದು ಹಗಲೇ ಹೋಗುವವರಿಗೆ, ಅದೂ ಏಪ್ರಿಲ್‌ನಿಂದ ಜುಲೈವರೆಗಿನ ಆಯ್ದ ದಿನಗಳಲ್ಲಿ. ತಂಗುವವರು ರೂಮಿನ ಜೊತೆ ಪ್ರವಾಸಿ ತೆರಿಗೆ ಕಟ್ಟುತ್ತಾರೆ, ಅಷ್ಟೇ. ದುಡ್ಡು ನಿಜವಾಗಿ ಸೋರುವುದು ದೋಣಿಯಲ್ಲಿ. ವಪೊರೆತ್ತೊ ಎಂಬ ನೀರಿನ ಬಸ್ಸಿಗೆ ಒಂದು ಸಲಕ್ಕೆ 9.50 ಯೂರೋ, ಅದು 75 ನಿಮಿಷ ನಡೆಯುತ್ತದೆ. 29 ವರ್ಷದೊಳಗಿನವರು ಆರು ಯೂರೋ ಕೊಟ್ಟು ‘ರೋಲಿಂಗ್ ವೆನಿಸ್’ ಕಾರ್ಡ್ ಮಾಡಿಸಿದರೆ ಮೂರು ದಿನದ ಪಾಸು 27 ಯೂರೋಗೆ ಸಿಗುತ್ತದೆ. ಎರಡೇ ದಿನಕ್ಕೂ ಅದೇ ಲಾಭ: ಮಾಮೂಲಿ 48 ಗಂಟೆಯ ಪಾಸೇ 35 ಯೂರೋ. ಮಳೆ ಜೋರಾದಾಗ ಒಂದನೇ ನಂಬರಿನ ದೋಣಿ ಹತ್ತಿ ಗ್ರ್ಯಾಂಡ್ ಕೆನಾಲಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಮುಕ್ಕಾಲು ಗಂಟೆ ಕೂತುಬಿಡಿ. ಗೊಂಡೊಲಾ ಅರ್ಧ ಗಂಟೆಗೆ 90 ಯೂರೋ, ಸಂಜೆ ಏಳರ ಮೇಲೆ 110. ಮಳೆಯಲ್ಲಿ ಅದಕ್ಕೆ ದುಡ್ಡು ಸುರಿಯಬೇಡಿ. ಅದೇ ದೋಣಿಯ ಅಣ್ಣನಂಥ ತ್ರಗೆತ್ತೊ ಎರಡು ಯೂರೋಗೆ ಕಾಲುವೆ ದಾಟಿಸುತ್ತದೆ.

ಎರಡು ದಿನದಲ್ಲಿ ಬುರಾನೊ, ಮುರಾನೊ ದ್ವೀಪಗಳನ್ನೂ ತುರುಕಬೇಡಿ. ಮಳೆಯ ದಿನ ಹೋಗಬೇಕಾದ ಜಾಗ ಸಾನ್ ರೊಕ್ಕೊ ಸಂಘದ ಸಭಾಂಗಣ. 1564ರಿಂದ ಇಪ್ಪತ್ತಕ್ಕೂ ಹೆಚ್ಚು ವರ್ಷ ತಿಂತೊರೆತ್ತೊ ಅಲ್ಲಿ ಗೋಡೆ, ಚಾವಣಿ ಬಿಡದೆ ಚಿತ್ರ ಬರೆದ. ಕತ್ತು ನೋಯದಿರಲಿ ಎಂದು ಕೈಯಲ್ಲಿ ಹಿಡಿಯುವ ಕನ್ನಡಿ ಇಟ್ಟಿರುತ್ತಾರೆ; ಚಾವಣಿಯನ್ನು ಮಡಿಲಲ್ಲಿ ಇಟ್ಟುಕೊಂಡು ನೋಡಬಹುದು. ಪಕ್ಕದ ಫ್ರಾರಿ ಚರ್ಚಿನಲ್ಲಿ ತಿತ್ಸಿಯಾನೊ 1518ರಲ್ಲಿ ಮುಗಿಸಿದ ದೊಡ್ಡ ಚಿತ್ರವಿದೆ. ತಿಂಗಳ ಮೊದಲ ಭಾನುವಾರವಾದರೆ ಅಕ್ಕಾದೆಮಿಯಾ ಗ್ಯಾಲರಿ ಉಚಿತ. ನಿಮ್ಮ ವಾರಾಂತ್ಯ ನವೆಂಬರ್ 21ಕ್ಕೆ ತಾಗಿದ್ದರೆ ಇನ್ನೂ ಒಳ್ಳೆಯದು. 1630ರ ಪ್ಲೇಗಿನಿಂದ ಪಾರಾದ ಹರಕೆಗೆ ಕಟ್ಟಿದ ಸಲೂತೆ ಚರ್ಚಿಗೆ ಅವತ್ತು ಇಡೀ ಊರು ಹೋಗುತ್ತದೆ, ಗ್ರ್ಯಾಂಡ್ ಕೆನಾಲಿನ ಮೇಲೆ ತಾತ್ಕಾಲಿಕ ಸೇತುವೆ ಹಾಕುತ್ತಾರೆ. ಪ್ರವಾಸಿಗರು ಕಡಿಮೆ, ಊರವರು ಮೇಣದಬತ್ತಿ ಹಿಡಿದು ಮಳೆಯಲ್ಲೇ ಸಾಲು ನಿಂತಿರುತ್ತಾರೆ. ನಮ್ಮ ಜಾತ್ರೆಯ ಹಾಗೆ ಬಲೂನು, ಮಿಠಾಯಿ ಅಂಗಡಿಯೂ ಇರುತ್ತದೆ.

ಮಳೆಗೆ ಸಾನ್ ಮಾರ್ಕೊ ಚೌಕದ ಕಮಾನುಗಳ ಕೆಳಗೆ ಕೂತು ಡಬ್ಬಿ ಬಿಚ್ಚಿ ಪುಳಿಯೋಗರೆ ತಿನ್ನಬೇಡಿ, ದಂಡ ಹಾಕುತ್ತಾರೆ. ಬಾಕರೊ ಎಂಬ ಸಣ್ಣ ಅಂಗಡಿಗಳಲ್ಲಿ ನಿಂತೇ ತಿನ್ನುವ ಪುಟ್ಟ ತಿಂಡಿಗಳು ಒಂದೆರಡು ಯೂರೋಗೆ ಸಿಗುತ್ತವೆ. ಸಸ್ಯಾಹಾರಿಗಳಾದರೆ ತುಂಡು ಕೈಗೆತ್ತಿಕೊಳ್ಳುವ ಮುಂಚೆ ಕೇಳಿ. ಬೆಣ್ಣೆಯಂತೆ ಬೆಳ್ಳಗೆ ಕಾಣುವುದು ಒಣಮೀನನ್ನು ಅರೆದು ಮಾಡಿದ್ದು. ನಿವಾಸ ಪರವಾನಗಿ ಇನ್ನೂ ಕೈಗೆ ಬಂದಿಲ್ಲದಿದ್ದರೆ ಅದರ ರಸೀದಿ, ಪಾಸ್‌ಪೋರ್ಟ್ ಎರಡೂ ಜೊತೆಗಿರಲಿ, ರೂಮಿನವರು ಕೇಳುತ್ತಾರೆ. ತುರ್ತು ನಂಬರ್ 112.

ಕೊನೆಗೆ ಅಮ್ಮನ ವಿಷಯ. ಅವರಿಗೆ ಮೊಸೆ, ಸಿರೊಕ್ಕೊ ಎಲ್ಲ ವಿವರಿಸಲು ಹೋಗಬೇಡಿ. ಅಡುಗೆಮನೆಯ ಗೋಡೆಯ ಕ್ಯಾಲೆಂಡರ್ ನೋಡಿ, ಈ ಎರಡು ಶನಿವಾರಗಳಲ್ಲಿ ಅಷ್ಟಮಿಗೆ ಹತ್ತಿರ ಯಾವುದು ಎಂದು ಫೋನಿನಲ್ಲಿ ಕೇಳಿ. ಅವರು ಹೇಳಿದ ದಿನಕ್ಕೇ ಟಿಕೆಟ್ ತೆಗೆಯಿರಿ.